ಎದೆಬಡಿತದ ಸದ್ದು ಎಷ್ಟಿರಬೇಕು?

1973ರ ಫೆಬ್ರವರಿ 27ರಂದು ಲಂಡನ್ ನಗರದ ತಾರಾಲಯಕ್ಕೆ ಪತ್ರಕರ್ತರನ್ನು ಕರೆದು, ಹೊಸದೊಂದು ಆಲ್ಬಮ್ಮನ್ನು ಕೇಳಿಸುವ ಏರ್ಪಾಡಾಗಿತ್ತು. ಆಲ್ಬಮ್ಮಿನ ಹೆಸರು 'ದ ಡಾರ್ಕ್ ಸೈಡ್ ಆಫ್ ದ ಮೂನ್'. ಹಾಡಿ ನುಡಿಸಿದವರು ಪಿಂಕ್ ಫ್ಲಾಯ್ಡ್ ಎಂಬ ನಾಲ್ವರ ತಂಡ. ಆದರೆ ಅತಿಥಿಗಳನ್ನು ಎದುರುಗೊಂಡದ್ದು ಆ ನಾಲ್ವರ ಆಳೆತ್ತರದ ರಟ್ಟಿನ ಚಿತ್ರಗಳು. ಕೀಬೋರ್ಡ್ ವಾದಕ ರಿಕ್ ರೈಟ್ ಅವರೊಬ್ಬರನ್ನು ಬಿಟ್ಟರೆ ಉಳಿದ ಮೂವರು ಅತ್ತ ಸುಳಿಯಲೇ ಇಲ್ಲ. ಕೇಳುಗರ ಸುತ್ತಲಿನ ನಾಲ್ಕು ಮೂಲೆಗಳಿಂದ ದನಿ ಬರುವಂತೆ ಸಿದ್ಧವಾಗಬೇಕಿದ್ದ ಮಿಶ್ರಣ ಆ ದಿನಕ್ಕೆ ಮುಗಿದಿರಲಿಲ್ಲ. ಮಾಮೂಲಿನ ಸ್ಟೀರಿಯೋ ಮಿಶ್ರಣವನ್ನು ಕಳಪೆ ಧ್ವನಿವರ್ಧಕಗಳಲ್ಲಿ ಕೇಳಿಸುವುದು ಅವರಿಗೆ ಒಪ್ಪಿಗೆಯಾಗಲಿಲ್ಲ.

ಪ್ರಿಯ ಓದುಗರೇ, ಈ ಹಟವನ್ನು ಬಹುಕಾಲ ನಾನು ತಾರೆಗಳ ಸೊಕ್ಕೆಂದೇ ಎಣಿಸಿದ್ದೆ. ಗುರುಮಠದಲ್ಲಿ ಓದುತ್ತಿದ್ದಾಗ ಸಹಪಾಠಿಯೊಬ್ಬನ ಸವೆದ ಕ್ಯಾಸೆಟ್ಟಿನಲ್ಲಿ ಈ ಆಲ್ಬಮ್ಮನ್ನು ಮೊದಲ ಬಾರಿ ಕೇಳಿದ್ದೆ. ಗಡಿಯಾರಗಳ ಗದ್ದಲವೊಂದನ್ನು ಬಿಟ್ಟರೆ ಬೇರೇನೂ ಮನಸ್ಸಿಗೆ ಹತ್ತಲಿಲ್ಲ. ಅನೇಕ ವರ್ಷಗಳ ನಂತರ ಮಿತ್ರರೊಬ್ಬರ ಮನೆಯಲ್ಲಿ, ಐದು ಧ್ವನಿವರ್ಧಕಗಳ ನಡುವೆ ಕುಳಿತು ಅದನ್ನೇ ಮತ್ತೆ ಕೇಳಿದೆ. ಮೊದಲ ಕೆಲವು ಕ್ಷಣಗಳಲ್ಲಿ ಏನೂ ಕೇಳಿಸಲಿಲ್ಲ. ಯಂತ್ರ ಕೆಟ್ಟಿದೆಯೇ ಎಂದು ಕೇಳಬೇಕೆನ್ನುವಷ್ಟರಲ್ಲಿ, ಎಲ್ಲೋ ತಳದಲ್ಲಿ, ಒಂದು ಎದೆಬಡಿತ. ನಾನು ಅರಿವಿಲ್ಲದೆ ಮುಂದಕ್ಕೆ ಬಾಗಿದ್ದೆ. ರೋಗಿಯ ಹಾಸಿಗೆಯ ಬಳಿ ಕುಳಿತು ಅಭ್ಯಂಗ ಸಂಸ್ಕಾರ ನೀಡುವಾಗ ನಾವು ಗುರುಗಳು ಬಾಗುವುದೂ ಹೀಗೆಯೇ. ಮನೆಯವರು ಬಾಗುವುದೂ ಹೀಗೆಯೇ. ಆ ಬಾಗುವಿಕೆಯನ್ನು ಧ್ವನಿಮುದ್ರಣದ ತಂತ್ರಜ್ಞನೊಬ್ಬನು ಉಳಿಸಬಲ್ಲ, ಅಳಿಸಲೂ ಬಲ್ಲ. ಈ ಲೇಖನದ ವಿಷಯ ಅಷ್ಟೇ.

ಮೊದಲು ಒಂದು ಪದದ ಗೊಂದಲವನ್ನು ಕಳೆಯಬೇಕು. ರೀಮಿಕ್ಸ್ ಎಂದರೆ ನಮ್ಮ ಕಿವಿಗೆ ಹಳೆಯ ಚಿತ್ರಗೀತೆಯೊಂದಕ್ಕೆ ಹೊಸ ತಾಳ ಬಡಿದು ಕುಣಿಸುವ ಕೆಲಸ. ಇಲ್ಲಿ ಆ ಅರ್ಥವಲ್ಲ. ಸ್ಟುಡಿಯೋದಲ್ಲಿ ಕಂಠ, ಗಿಟಾರ್, ಡ್ರಮ್, ಆರ್ಗನ್ ಮೊದಲಾದವನ್ನು ಟೇಪಿನ ಬೇರೆ ಬೇರೆ ಪಟ್ಟಿಗಳಲ್ಲಿ, ಅಂದರೆ ಟ್ರ್ಯಾಕುಗಳಲ್ಲಿ, ಹಿಡಿದಿಡುತ್ತಾರೆ. ಈ ಆಲ್ಬಮ್ಮಿಗೆ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ ಹದಿನಾರು ಟ್ರ್ಯಾಕುಗಳ ಟೇಪ್ ಬಳಕೆಯಾಯಿತು. ಯಾವ ದನಿ ಎಷ್ಟು ಇರಬೇಕು, ಎಲ್ಲಿಂದ ಬರಬೇಕು ಎಂದು ನಿರ್ಣಯಿಸಿ ಅವೆಲ್ಲವನ್ನೂ ಒಂದುಗೂಡಿಸುವುದೇ ಮಿಶ್ರಣ. ಅದೇ ಮೂಲ ಟೇಪುಗಳಿಗೆ ಮರಳಿ, ಒಂದು ಸ್ವರವನ್ನೂ ಹೊಸದಾಗಿ ನುಡಿಸದೆ, ಆ ನಿರ್ಣಯಗಳನ್ನು ಮತ್ತೊಮ್ಮೆ ಕೈಗೊಳ್ಳುವುದು ರೀಮಿಕ್ಸ್. ಮುಂದೆ ಮೂರು, ಹಿಂದೆ ಎರಡು, ಕೆಳಸ್ತರದ ಗುಡುಗಿಗೆಂದೇ ಒಂದು, ಹೀಗೆ ಧ್ವನಿವರ್ಧಕಗಳು ಕೇಳುಗನನ್ನು ಸುತ್ತುವರಿದಿದ್ದರೆ ಅದು ಸರೌಂಡ್ ಮಿಶ್ರಣ. ಐದಕ್ಕೆ ಒಂದು ಸೇರಿಸಿ 5.1 ಎಂದು ಬರೆಯುವುದು ರೂಢಿ.

ಇನ್ನು ಏರಿಳಿತದ ಮಾತು. ಮಂದ್ರ, ತಾರ ಎಂಬ ಸ್ಥಾಯಿಗಳ ಏರಿಳಿತವಲ್ಲ ಇದು; ದನಿಯ ಬಲದ ಏರಿಳಿತ. ಕೃತಿಯೊಂದರ ಅತಿ ಮೆಲುದನಿಗೂ ಅತಿ ಗಟ್ಟಿದನಿಗೂ ನಡುವಿನ ಅಂತರವನ್ನು ಡೈನಮಿಕ್ ರೇಂಜ್ ಎನ್ನುತ್ತಾರೆ. ಅಳತೆಯ ಮಾನ ಡೆಸಿಬಲ್. ಸುಮಾರು ಹತ್ತು ಡೆಸಿಬಲ್ ಏರಿದರೆ ದನಿ ಇಮ್ಮಡಿಯಾದಂತೆ ನಮ್ಮ ಕಿವಿಗೆ ತೋರುತ್ತದೆ. ನಮ್ಮ ಧರ್ಮಕೇಂದ್ರಗಳ ಕುಟುಂಬಗಳಿಗೆ ಇದರ ಅನುಭವ ವರ್ಷಕ್ಕೊಮ್ಮೆ ತಪ್ಪದೆ ಆಗುತ್ತದೆ. ಪವಿತ್ರ ಗುರುವಾರ ಮಹಿಮಾಗೀತೆಗೆ ಗಂಟೆಗಳೆಲ್ಲ ಮೊಳಗಿ, ಅಲ್ಲಿಂದಾಚೆಗೆ ಬಾಯಿ ಮುಚ್ಚುತ್ತವೆ. ಶುಭ ಶುಕ್ರವಾರ ಇಡೀ ದೇವಾಲಯ ಮೂಕ; ಮರದ ಹಲಗೆಯ ಒಣ ಸದ್ದಷ್ಟೇ. ಶನಿವಾರ ರಾತ್ರಿ ಪಾಸ್ಕ ಜಾಗರಣೆಯಲ್ಲಿ ಅದೇ ಮಹಿಮಾಗೀತೆಗೆ ಅದೇ ಗಂಟೆಗಳು ಮತ್ತೆ ಮೊಳಗಿದಾಗ, ಎಳೆಯ ಮಕ್ಕಳು ಬೆಚ್ಚುತ್ತಾರೆ, ಹಿರಿಯರ ಕಣ್ಣು ತುಂಬುತ್ತದೆ. ಗಂಟೆಯ ಕಂಚು ಗುರುವಾರದ್ದೇ, ಹಗ್ಗ ಎಳೆಯುವ ಕೈಯೂ ಅದೇ. ಎರಡು ದಿನಗಳ ಮೌನವೇ ಆ ಮೊಳಗಿಗೆ ಬಲ ತುಂಬಿದೆ.

ಈಗ ಯಾರೋ ಒಬ್ಬರು ಬಂದು, ಆ ಎರಡು ದಿನ ಗಂಟೆ ಕೇಳಿಸದೆ ಜನ ಬೇಸರಪಟ್ಟುಕೊಳ್ಳುತ್ತಾರೆಂದು ಶುಕ್ರವಾರವೂ ಅಷ್ಟೇ ಜೋರಾಗಿ ಬಾರಿಸಿದರೆ ಹೇಗೆ? ಕಂಪ್ರೆಷನ್ ಮಾಡುವುದು ಇದನ್ನೇ. ಏರಿದ ದನಿಯನ್ನು ಅದುಮಿ ತಗ್ಗಿಸುತ್ತದೆ. ಹೀಗೆ ಮೇಲೆ ಉಳಿದ ಜಾಗದಷ್ಟೂ ಇಡೀ ಹಾಡನ್ನು ಎತ್ತುತ್ತದೆ. ಫಲವಾಗಿ ಪಿಸುಮಾತೂ ಕೂಗೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತವೆ. ದೂರದರ್ಶನದಲ್ಲಿ ಧಾರಾವಾಹಿಯ ನಡುವೆ ಜಾಹೀರಾತು ಬಂದೊಡನೆ ನೀವು ರಿಮೋಟಿಗೆ ಕೈ ಹಾಕುವುದು ಇದಕ್ಕಾಗಿಯೇ. ಜಾಹೀರಾತಿನ ಅತಿ ಎತ್ತರದ ದನಿ ಧಾರಾವಾಹಿಯದಕ್ಕಿಂತ ಹೆಚ್ಚಿರಬೇಕಾಗಿಲ್ಲ. ಅದರಲ್ಲಿ ತಗ್ಗೆಂಬುದೇ ಇರುವುದಿಲ್ಲ, ಅಷ್ಟೇ. ಎಲ್ಲ ಅಕ್ಷರಗಳನ್ನೂ ದಪ್ಪಗೆ ಅಚ್ಚು ಹಾಕಿದ ಪುಟದಂತೆ. (ಎಂಪಿ3ಯಲ್ಲಿ ಕಡತದ ಗಾತ್ರವನ್ನು ಕುಗ್ಗಿಸುವುದಕ್ಕೂ ಕಂಪ್ರೆಷನ್ ಎಂಬ ಹೆಸರೇ ಇದೆ. ಅದು ಬೇರೆಯೇ ಕಥೆ; ಇಲ್ಲಿ ಅದನ್ನು ಎಳೆತರುತ್ತಿಲ್ಲ.)

ಕಂಪ್ರೆಷನ್ ತಾನಾಗಿ ಪಾಪವೇನಲ್ಲ. ಹಾಡುಗಾರನ ದನಿ ಒಂದು ಪದದಲ್ಲಿ ಎದ್ದು ಇನ್ನೊಂದರಲ್ಲಿ ಮುಳುಗದಂತೆ ಹಿತವಾಗಿ ಹಿಡಿಯಲು ಅದನ್ನು ಎಲ್ಲ ಸ್ಟುಡಿಯೋಗಳೂ ಬಳಸುತ್ತಲೇ ಬಂದಿವೆ. ತಕರಾರು ಇರುವುದು ಕೊನೆಯ ಹಂತದಲ್ಲಿ, ಸಿದ್ಧವಾದ ಹಾಡನ್ನು ಇಡಿಯಾಗಿ ಅದುಮುವ ಅಭ್ಯಾಸದ ಬಗ್ಗೆ. ವಿನೈಲ್ ತಟ್ಟೆಯಲ್ಲಿ ಸೂಜಿಯ ಗೀರು ಹೆಚ್ಚು ಅಗಲವಾದರೆ ಹಾಡಿನ ಅವಧಿಯೇ ಕಡಿಮೆಯಾಗುತ್ತಿತ್ತಾದ್ದರಿಂದ ಗಟ್ಟಿತನಕ್ಕೆ ಪ್ರಕೃತಿಯೇ ಒಂದು ಮಿತಿ ಹಾಕಿತ್ತು. 1982ರಲ್ಲಿ ಬಂದ ಸಿ.ಡಿ. ಆ ಮಿತಿಯನ್ನು ತೆಗೆಯಿತು. ಅದರ 16 ಬಿಟ್‌ಗಳು ಸುಮಾರು 96 ಡೆಸಿಬಲ್‌ಗಳ ಅಂತರವನ್ನು ಹಿಡಿಯಬಲ್ಲವು. ಹಿಂದೆಂದೂ ಇಲ್ಲದಷ್ಟು ದೊಡ್ಡ ಅಂಗಳ ದೊರೆತಾಗ ಉದ್ಯಮವು ಮಾಡಿದ್ದೇನು? 1990ರ ದಶಕದಿಂದ, ಎಲ್ಲರೂ ಹೋಗಿ ಅಂಗಳದ ಒಂದೇ ಗೋಡೆಗೆ ಒತ್ತಿ ನಿಂತರು. ಪಕ್ಕದ ಹಾಡಿಗಿಂತ ನಮ್ಮ ಹಾಡು ಒಂದು ಗೆರೆ ಜೋರಾಗಿರಲಿ ಎಂಬ ಪೈಪೋಟಿ. 2008ರಲ್ಲಿ ಮೆಟಾಲಿಕಾ ತಂಡದ 'ಡೆತ್ ಮ್ಯಾಗ್ನೆಟಿಕ್' ಬಂದಾಗ ಅಭಿಮಾನಿಗಳೇ ರೇಗಿದರು. ಅದೇ ಹಾಡುಗಳು ಒಂದು ವಿಡಿಯೋ ಆಟದಲ್ಲಿ ಅಷ್ಟು ಅದುಮಿಸಿಕೊಳ್ಳದೆ ಚೆನ್ನಾಗಿ ಕೇಳಿಸುತ್ತಿದ್ದವು.

ದನಿ ಸುತ್ತಲಿಂದ ಬರುವ ಬಯಕೆಯಂತೂ ಪಾಪ್ ಸಂಗೀತಗಾರರು ಕಂಡುಹಿಡಿದದ್ದಲ್ಲ, ನಮ್ಮ ದೇವಾಲಯಗಳದ್ದು. ವೆನಿಸ್ ನಗರದ ಸಂತ ಮಾರ್ಕರ ಮಹಾದೇವಾಲಯದಲ್ಲಿ ಗಾನವೃಂದಗಳನ್ನು ಬೇರೆ ಬೇರೆ ಕಡೆ ನಿಲ್ಲಿಸಿ ಒಂದಕ್ಕೊಂದು ಉತ್ತರ ಕೊಡುವಂತೆ ಹಾಡಿಸುವ ಪರಂಪರೆ 16ನೆಯ ಶತಮಾನದಲ್ಲಿ ಬೆಳೆಯಿತು. ಅಲ್ಲಿನ ಆರ್ಗನ್ ವಾದಕ ಜೊವಾನ್ನಿ ಗಬ್ರಿಯೇಲಿ 1597ರಲ್ಲಿ ಪ್ರಕಟಿಸಿದ ಒಂದು ವಾದ್ಯಕೃತಿಯ ಹೆಸರೇ 'ಸೊನಾಟಾ ಪಿಯಾನ್ ಎ ಫೋರ್ಟೆ', ಅಂದರೆ ಮೆಲ್ಲಗೆ ಮತ್ತು ಗಟ್ಟಿಯಾಗಿ. ಮೆಲುದನಿ ಎಲ್ಲಿ, ಗಟ್ಟಿದನಿ ಎಲ್ಲಿ ಎಂದು ಅಚ್ಚಿನಲ್ಲೇ ನಮೂದಿಸಿದ ಅತಿ ಹಳೆಯ ಕೃತಿಗಳಲ್ಲಿ ಅದೂ ಒಂದು. ಒಂದು ವೃಂದ ಒಂಟಿಯಾಗಿ ನುಡಿಸುವಾಗ ಮೆಲುದನಿ. ಎರಡೂ ವೃಂದಗಳು ಕೂಡಿದಾಗ ಗಟ್ಟಿದನಿ. ಎಷ್ಟು ಸರಳ! ಗಬ್ರಿಯೇಲಿಗೆ ಎಲ್ಲಿಂದ ಮತ್ತು ಎಷ್ಟು ಎಂಬವು ಎರಡು ಪ್ರಶ್ನೆಗಳಾಗಿರಲಿಲ್ಲ. 1837ರಲ್ಲಿ ಪ್ಯಾರಿಸ್ಸಿನ ಎನ್ವಾಲಿದ್ ದೇವಾಲಯದಲ್ಲಿ ಬರ್ಲಿಯೋಜ್ ತಮ್ಮ ಮೃತರ ಬಲಿಪೂಜೆಯ ಸಂಗೀತಕ್ಕೆ ನಾಲ್ಕು ಹಿತ್ತಾಳೆ ವಾದ್ಯತಂಡಗಳನ್ನು ನಾಲ್ಕು ಮೂಲೆಗಳಿಗೆ ಹಂಚಿದಾಗಲೂ ಅಷ್ಟೇ. ಅಂತಿಮ ತೀರ್ಪಿನ ತುತೂರಿಗಳು ನಾಲ್ದೆಸೆಯಿಂದ ಎರಗುವ ಮುನ್ನ ಅವರು ಸಾಕಷ್ಟು ಹೊತ್ತು ಮೆಲುದನಿಯ ಪ್ರಾರ್ಥನೆಯನ್ನು ಇಟ್ಟಿದ್ದಾರೆ.

ಪಿಂಕ್ ಫ್ಲಾಯ್ಡ್ ತಂಡವು 1967ರಷ್ಟು ಹಿಂದೆಯೇ ಲಂಡನ್ನಿನ ಕ್ವೀನ್ ಎಲಿಜಬೆತ್ ಸಭಾಂಗಣದಲ್ಲಿ, ಒಂದು ಸಣ್ಣ ಹಿಡಿಯನ್ನು ಅತ್ತಿತ್ತ ವಾಲಿಸಿ ದನಿಯನ್ನು ಸಭೆಯ ಸುತ್ತ ಓಡಿಸುವ ಯಂತ್ರವನ್ನು ಬಳಸಿತ್ತು. ಹೀಗಾಗಿ 'ಡಾರ್ಕ್ ಸೈಡ್' ಆಲ್ಬಮ್ಮಿಗೆ ನಾಲ್ಕು ವಾಹಿನಿಗಳ ಮಿಶ್ರಣ ಬೇಕೆಂದು ಅವರು ಬಯಸಿದ್ದು ಸಹಜವೇ. ಧ್ವನಿಮುದ್ರಣದ ತಂತ್ರಜ್ಞ ಅಲನ್ ಪಾರ್ಸನ್ಸ್ ಆ ಕೆಲಸವನ್ನು ಮುಗಿಸಿಕೊಟ್ಟರು. 'ಟೈಮ್' ಹಾಡಿನ ಆರಂಭದ ಗಡಿಯಾರಗಳನ್ನು ಅವರು ಮೊದಲೇ, ನಾಲ್ಕು ವಾಹಿನಿಗಳ ಪ್ರಾತ್ಯಕ್ಷಿಕೆಗೆಂದು, ಹಳೆಯ ಗಡಿಯಾರಗಳ ಅಂಗಡಿಯಲ್ಲಿ ಒಂದೊಂದಾಗಿ ಮುದ್ರಿಸಿಕೊಂಡಿದ್ದರು. ಹುಟ್ಟಿನಿಂದಲೇ ಸುತ್ತುವರಿಯಬೇಕಾಗಿದ್ದ ದನಿಗಳವು. ಆದರೆ ನಾಲ್ಕು ವಾಹಿನಿಗಳ ತಟ್ಟೆಗಳು ಒಂದಕ್ಕೊಂದು ಹೊಂದದ ಹಲವು ವಿಧಾನಗಳಲ್ಲಿ ಮಾರುಕಟ್ಟೆಗೆ ಬಂದು, ಕೊಳ್ಳುವವರು ಗೊಂದಲಕ್ಕೆ ಬಿದ್ದು, ಆ ದಶಕ ಮುಗಿಯುವ ಮೊದಲೇ ಕಣ್ಮರೆಯಾದವು. ಸ್ಟೀರಿಯೋ ಆವೃತ್ತಿಯೇ ಲೋಕವನ್ನು ಗೆದ್ದಿತು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು 1973ರಿಂದ 1988ರ ನಡುವೆ 741 ವಾರ ನಿಂತಿತು.

ಮೂವತ್ತು ವರ್ಷ ತುಂಬಿದಾಗ, 2003ರಲ್ಲಿ, ಸೂಪರ್ ಆಡಿಯೋ ಸಿ.ಡಿ. ಎಂಬ ಹೊಸ ತಟ್ಟೆಯಲ್ಲಿ 5.1 ಮಿಶ್ರಣ ಹೊರಬಂತು. ಈ ಬಾರಿ ಕೆಲಸ ಮಾಡಿದವರು ತಂಡದೊಂದಿಗೆ 'ದ ವಾಲ್' ಕಾಲದಿಂದ ದುಡಿದ ಜೇಮ್ಸ್ ಗಥ್ರಿ. ಪಾರ್ಸನ್ಸ್ ಅವರ ಹಳೆಯ ಮಿಶ್ರಣವನ್ನು ಬಳಸಲಿಲ್ಲವೆಂದು ಹಲವರು ಅಚ್ಚರಿಪಟ್ಟರು. ಗಥ್ರಿಯವರು ಮೂಲ ಸ್ಟೀರಿಯೋಗೆ ತುಸು ಅತಿಯಾಗಿ ನಿಷ್ಠರಾದರೆಂಬುದು ಪಾರ್ಸನ್ಸ್ ಅವರ ಆಕ್ಷೇಪ. ಆಕ್ಷೇಪದಲ್ಲಿ ಹುರುಳಿದೆ. ಪಾರ್ಸನ್ಸ್ ಅವರ ಮಿಶ್ರಣ 2011ರ ದೊಡ್ಡ ಸಂಪುಟದಲ್ಲಿ ಮತ್ತೆ ದೊರೆಯುವಂತಾಯಿತು; ಅದರಲ್ಲಿ ಗಡಿಯಾರಗಳು ನಿಜವಾಗಿಯೂ ಅಂಗಡಿಯ ನಾಲ್ಕು ಗೋಡೆಗಳಿಂದ ಬಾರಿಸುತ್ತವೆ, 'ಮನಿ' ಹಾಡಿನ ನಾಣ್ಯಗಳು ಕೋಣೆಯ ಸುತ್ತ ಉರುಳುತ್ತವೆ. ಆದರೂ ಕೆಲವೆಡೆ ಅದು ಜಾತ್ರೆಯ ತಿರುಗುತೊಟ್ಟಿಲಿನಂತೆ ತೋರುತ್ತದೆ. ದನಿ ತಿರುಗಿದ್ದು ನೆನಪಿರುತ್ತದೆ, ಹಾಡು ಮರೆತುಹೋಗುತ್ತದೆ. ಗಥ್ರಿಯವರದು ಸಂಯಮದ ಕೆಲಸ. ದನಿ ಮುಂದೆಯೇ ಇರುತ್ತದೆ. ಹಿಂಬದಿಯ ಧ್ವನಿವರ್ಧಕಗಳು ಕಾದು ಕುಳಿತು, ಬೇಕಾದಾಗ ಮಾತ್ರ ಬಾಯಿ ತೆರೆಯುತ್ತವೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂದರೆ ಗಡಿಯಾರಗಳಿಗೆ ಪಾರ್ಸನ್ಸ್, ಎದೆಬಡಿತಕ್ಕೆ ಗಥ್ರಿ ಎನ್ನುವೆ.

ಸರೌಂಡ್ ಮಿಶ್ರಣದಲ್ಲಿ ಅದುಮುವ ಅಗತ್ಯವೇ ಕಡಿಮೆ ಎಂಬುದನ್ನೂ ಇಲ್ಲಿ ಹೇಳಬೇಕು. ಎರಡೇ ಬಾಗಿಲಿನ ಕೋಣೆಯಿಂದ ಇಪ್ಪತ್ತು ಮಂದಿ ಒಟ್ಟಿಗೆ ಹೊರಡಬೇಕಾದರೆ ನೂಕುನುಗ್ಗಲು. ಐದು ಬಾಗಿಲುಗಳಿದ್ದರೆ ಪ್ರತಿಯೊಬ್ಬರಿಗೂ ದಾರಿ. ಸ್ಟೀರಿಯೋದಲ್ಲಿ ಗಿಟಾರಿನ ಕೆಳಗೆ ಆರ್ಗನ್ ಮುಚ್ಚಿಹೋಗದಿರಲೆಂದು ಅದನ್ನು ಅದುಮಿ ಎತ್ತಬೇಕಾಗುತ್ತದೆ. ಆರ್ಗನ್ ಬೇರೊಂದು ದಿಕ್ಕಿನಿಂದ ಬಂದರೆ, ಅದು ಮೆಲ್ಲಗಿದ್ದರೂ ಕಿವಿ ಅದನ್ನು ಹೆಕ್ಕಿಕೊಳ್ಳುತ್ತದೆ. ಮದುವೆಮನೆಯ ಗದ್ದಲದಲ್ಲೂ ತಾಯಿ ತನ್ನ ಮಗುವಿನ ಅಳುವನ್ನು ಗುರುತಿಸುವುದಿಲ್ಲವೇ?

ಈ 2003ರ ತಟ್ಟೆಯಲ್ಲೇ ನಮ್ಮ ಕಾಲದ ಒಂದು ಕಥೆ ಅಡಗಿದೆ. ಅದರಲ್ಲಿ ಎರಡು ಪದರಗಳಿವೆ. ಒಂದು, ವಿಶೇಷ ಯಂತ್ರದಲ್ಲಿ ಮಾತ್ರ ಓಡುವ, ಸರೌಂಡ್ ಮತ್ತು ಸ್ಟೀರಿಯೋ ಎರಡೂ ಇರುವ ಪದರ. ಇನ್ನೊಂದು, ಯಾವ ಯಂತ್ರದಲ್ಲಾದರೂ ಓಡುವ ಸಾಮಾನ್ಯ ಸಿ.ಡಿ. ಪದರ. ಅಳೆದು ನೋಡಿದವರು ಕಂಡುಕೊಂಡದ್ದೇನೆಂದರೆ, ಸಾಮಾನ್ಯ ಪದರದ ಸ್ಟೀರಿಯೋ ಇನ್ನೊಂದು ಪದರದ ಸ್ಟೀರಿಯೋಗಿಂತ ಹೆಚ್ಚು ಅದುಮಿಸಿಕೊಂಡಿದೆ, ಹೆಚ್ಚು ಗಟ್ಟಿಯಾಗಿದೆ. ಒಂದೇ ತಟ್ಟೆ, ಒಂದೇ ಹಾಡು. ದುಬಾರಿ ಯಂತ್ರವುಳ್ಳವನಿಗೆ ಮೌನ, ಉಳಿದವರಿಗೆ ಗಟ್ಟಿದನಿ. ಸಾಮಾನ್ಯ ಕೇಳುಗನಿಗೆ ಮೆಲುದನಿ ಬೇಕಾಗಿಲ್ಲ ಎಂದು ನಿರ್ಧರಿಸುವವರು ಯಾರು? ಈ ಪ್ರಶ್ನೆ ನನ್ನನ್ನು ತಂತ್ರಜ್ಞಾನದ ಪ್ರಶ್ನೆಗಿಂತ ಹೆಚ್ಚಾಗಿ ಕಾಡಿದೆ. ಬಡವರಿಗೆ ಸೂಕ್ಷ್ಮ ತಿಳಿಯದೆಂಬ ಊಹೆ ಪ್ರಬೋಧನೆಯ ಪೀಠದಲ್ಲೂ ಆಗಾಗ ನುಸುಳುತ್ತದೆ, ನಮ್ಮ ಹಬ್ಬಗಳ ಧ್ವನಿವರ್ಧಕಗಳಲ್ಲೂ.

ಮೆಲುದನಿ ಹೋದರೆ ಹೋಗುವುದೇನು ಎಂಬುದಕ್ಕೆ 'ದ ಗ್ರೇಟ್ ಗಿಗ್ ಇನ್ ದ ಸ್ಕೈ' ಎಂಬ ಭಾಗವನ್ನೇ ನೋಡೋಣ. ಅದರ ವಿಷಯ ಮರಣ. 1972ರಲ್ಲಿ ತಂಡವು ಇದನ್ನು ವೇದಿಕೆಯಲ್ಲಿ ನುಡಿಸುತ್ತಿದ್ದಾಗ ರಿಕ್ ರೈಟ್ ಅವರ ಆರ್ಗನ್ನಿನ ಮೇಲೆ ಬೈಬಲ್ ವಾಚನಗಳೂ ಮಾಲ್ಕಮ್ ಮಗ್ಗರಿಜ್ ಎಂಬ ಲೇಖಕರ ಭಾಷಣದ ತುಣುಕುಗಳೂ ಟೇಪಿನಿಂದ ಕೇಳಿಬರುತ್ತಿದ್ದವು. ಮಗ್ಗರಿಜ್ ನಮಗೆ ಅಪರಿಚಿತರಲ್ಲ. ಕೋಲ್ಕತ್ತದ ಮದರ್ ತೆರೇಸಾ ಅವರನ್ನು ಪಾಶ್ಚಾತ್ಯ ಜಗತ್ತಿಗೆ ಪರಿಚಯಿಸಿದ 1969ರ ಚಲನಚಿತ್ರವೂ 1971ರ ಪುಸ್ತಕವೂ ಅವರದೇ. 1982ರಲ್ಲಿ ಅವರು ಕಥೋಲಿಕ ಧರ್ಮಸಭೆಯನ್ನು ಸೇರಿದರು. ತಂಡದವರು ಅವರ ದನಿಯನ್ನು ಬಳಸಿದ್ದು ಭಕ್ತಿಯಿಂದಲ್ಲವೆಂದು ಊಹಿಸಲು ಹೆಚ್ಚು ಬುದ್ಧಿ ಬೇಕಾಗಿಲ್ಲ. ಅದೇನೇ ಇರಲಿ, ಆಲ್ಬಮ್ ಸಿದ್ಧವಾಗುವಾಗ ಬೈಬಲ್ ವಾಚನವೂ ಹೋಯಿತು, ಮಗ್ಗರಿಜ್ ಅವರೂ ಹೋದರು. ಅವರ ಜಾಗಕ್ಕೆ 1973ರ ಜನವರಿಯ ಒಂದು ಭಾನುವಾರ ಕ್ಲೇರ್ ಟೋರಿ ಎಂಬ ಗಾಯಕಿ ಬಂದರು. ಪದಗಳಿಲ್ಲ, ಸಾವನ್ನು ಕುರಿತು ಬರಿಯ ಕಂಠದಿಂದ ಹಾಡಬೇಕು. ಅಂದಿನ ಸಂಭಾವನೆ 30 ಪೌಂಡ್. ಹಾಡಿ ಮುಗಿಸಿದ ಆಕೆ ತಾನು ಅತಿ ಮಾಡಿದೆನೆಂದು ನಾಚಿಕೊಂಡರಂತೆ. ಮೂರು ದಶಕಗಳ ನಂತರ ಆಕೆ ನ್ಯಾಯಾಲಯಕ್ಕೆ ಹೋಗಿ, 2005ರಲ್ಲಿ ರಾಜಿಯಾಗಿ, ಸಹರಚನೆಕಾರರಾಗಿ ಆಕೆಯ ಹೆಸರೂ ಸೇರಿತು.

ಗುರುವಾದ ನಾನು ಶ್ರೀಗ್ರಂಥದ ವಾಚನವನ್ನು ತೆಗೆದುಹಾಕಿದ್ದಕ್ಕೆ ಮರುಗಬೇಕೆಂದು ನೀವು ನಿರೀಕ್ಷಿಸಬಹುದು. ಮರುಗುವುದಿಲ್ಲ. ಅಣಕಕ್ಕೆಂದು ಇಟ್ಟ ದೇವವಾಕ್ಯಕ್ಕಿಂತ ಅಣಕವಿಲ್ಲದ ಅಳು ದೇವರಿಗೆ ಹತ್ತಿರ. ಕೀರ್ತನೆಗಳ ಗ್ರಂಥದಲ್ಲಿ ಅಂಥ ಅಳು ಎಷ್ಟಿಲ್ಲ! ಆಕೆಯ ದನಿ ಮೊದಲು ಸ್ಫೋಟಿಸುತ್ತದೆ, ಪ್ರತಿಭಟಿಸುತ್ತದೆ, ಬೇಡುತ್ತದೆ. ನಡುವೆ ಒಮ್ಮೆ ಉಸಿರಿನಷ್ಟಕ್ಕೆ ಇಳಿಯುತ್ತದೆ. ಕೊನೆಯಲ್ಲಿ ಪಿಯಾನೋ ಜೊತೆ ಬಳಲಿ, ಒಪ್ಪಿಸಿಕೊಂಡವಳಂತೆ ಮಲಗುತ್ತದೆ. ಈ ಹಾಡಿಗೆ ಪದಗಳಿಲ್ಲದಿರುವುದರಿಂದ ಅದರ ಅರ್ಥವೆಲ್ಲ ಈ ಏರಿಳಿತದಲ್ಲೇ ಇದೆ. ಅದುಮಿದ ಆವೃತ್ತಿಯಲ್ಲಿ ಕೇಳಿ ನೋಡಿ: ಕೊನೆಯ ಶರಣಾಗತಿ ಆರಂಭದ ಕೂಗಿನಷ್ಟೇ ಸಮೀಪದಲ್ಲಿ, ಅಷ್ಟೇ ದೊಡ್ಡದಾಗಿ ನಿಲ್ಲುತ್ತದೆ. ಹೋರಾಟವೂ ಇಲ್ಲ, ಒಪ್ಪಿಗೆಯೂ ಇಲ್ಲ. ಒಬ್ಬ ಒಳ್ಳೆಯ ಗಾಯಕಿಯ ಕಸರತ್ತು ಮಾತ್ರ ಉಳಿಯುತ್ತದೆ. ಗಥ್ರಿಯವರ 5.1ರಲ್ಲಿ ಆ ಕೊನೆಯ ಭಾಗಕ್ಕೆ ಬರುವಾಗ ನಮ್ಮ ಕೋಣೆಯ ಗಡಿಯಾರದ ಟಿಕ್ ಟಿಕ್ ಕೂಡ ಕೇಳಿಸಿತು. ಮಿತ್ರರು ಎದ್ದು ಫ್ಯಾನ್ ಆರಿಸಿದರು.

ಸರೌಂಡ್ ಎಂದಮಾತ್ರಕ್ಕೆ ಈ ಸೂಕ್ಷ್ಮ ಉಳಿದುಬಿಡುತ್ತದೆಂದು ನಂಬಬೇಡಿ. ಜೆನೆಸಿಸ್ ತಂಡದ 'ಫಾಕ್ಸ್‌ಟ್ರಾಟ್' ಆಲ್ಬಮ್ (1972) ಇದಕ್ಕೆ ಉದಾಹರಣೆ. ಅದರಲ್ಲಿ 'ಸಪರ್ಸ್ ರೆಡಿ' ಎಂಬ ಸುಮಾರು 23 ನಿಮಿಷಗಳ ದೀರ್ಘ ಕೃತಿಯಿದೆ. ಅದರ ಪ್ರತಿಮೆಗಳು ಪ್ರಕಟಣೆ ಗ್ರಂಥದವು. ಮೃಗದ ಸಂಖ್ಯೆ ಬರುತ್ತದೆ, ಕೊನೆಗೆ ಹೊಸ ಜೆರುಸಲೇಮ್ ಬರುತ್ತದೆ. ಆರಂಭದಲ್ಲಿ ಒಂದು ಮನೆಯ ಕೋಣೆ, ಮೀಟಿದ ಗಿಟಾರುಗಳು, ಮೆಲುದನಿ. ಅಂತ್ಯದಲ್ಲಿ ಆರ್ಗನ್ನು, ಡ್ರಮ್ಮು, ಲೋಕವೆಲ್ಲ ತೆರೆದುಕೊಳ್ಳುವ ಕೂಗು. ಇಪ್ಪತ್ತು ನಿಮಿಷಗಳ ಏರುದಾರಿ ಅದು. 2008ರ ಸಂಪುಟಕ್ಕಾಗಿ ನಿಕ್ ಡೇವಿಸ್ ಇದನ್ನು ಸ್ಟೀರಿಯೋ ಮತ್ತು 5.1 ಎರಡರಲ್ಲೂ ಹೊಸದಾಗಿ ಮಿಶ್ರಣ ಮಾಡಿದರು. ಸ್ವಚ್ಛವಾಗಿ ಕೇಳಿಸುತ್ತದೆ, ಹಿಂದೆ ಹೂತುಹೋಗಿದ್ದ ವಾದ್ಯಗಳು ಎದ್ದು ಬಂದಿವೆ, ಇದನ್ನು ಮೆಚ್ಚಲೇಬೇಕು. ಆದರೆ ಹಳೆಯ ತಟ್ಟೆಯನ್ನು ಬಲ್ಲ ಹಲವು ಕೇಳುಗರು ದೂರಿದಂತೆ ಎಲ್ಲವೂ ತೀರ ಗಟ್ಟಿಯಾಗಿದೆ, ಅದುಮಿಸಿಕೊಂಡಿದೆ. ನನ್ನ ಕಿವಿಯೂ ಅದನ್ನೇ ಹೇಳುತ್ತದೆ. ಮೊದಲ ಗಿಟಾರೇ ಬೆಟ್ಟದ ಅರ್ಧ ಎತ್ತರದಲ್ಲಿ ನಿಂತಿದ್ದರೆ, ಹೊಸ ಜೆರುಸಲೇಮಿಗೆ ಹತ್ತಲು ಉಳಿದದ್ದೆಷ್ಟು? ದನಿ ಐದು ಕಡೆಯಿಂದ ಬರುತ್ತದೆ, ಆದರೆ ಐದೂ ಕಡೆ ಒಂದೇ ಗೋಡೆ. ಅದರ ಮರುವರ್ಷವೇ, 2009ರಿಂದ, ಸ್ಟೀವನ್ ವಿಲ್ಸನ್ ಅವರು ಕಿಂಗ್ ಕ್ರಿಮ್ಸನ್ ತಂಡದ ಆಲ್ಬಮ್ಮುಗಳನ್ನು ರಾಬರ್ಟ್ ಫ್ರಿಪ್ ಅವರೊಡನೆ ಸರೌಂಡಿಗೆ ತರತೊಡಗಿದರು. ಅವರು ಕೊನೆಯ ಹಂತದ ಅದುಮುವಿಕೆಯನ್ನು ಒಲ್ಲದವರು. ಅವರ ಕೆಲಸವನ್ನು ಪಕ್ಕದಲ್ಲಿಟ್ಟು ಕೇಳಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಇಷ್ಟೆಲ್ಲ ಓದಿ ನೀವು ಕೇಳಬಹುದು: ಫಾದರ್, ಐದು ಧ್ವನಿವರ್ಧಕ ಯಾರ ಮನೆಯಲ್ಲಿದೆ? ನಾವು ಕೇಳುವುದು ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಕುಕ್ಕರಿನ ಸೀಟಿಯ ನಡುವೆ. ನ್ಯಾಯವಾದ ಮಾತು. ಗದ್ದಲದ ಬಸ್ಸಿನಲ್ಲಿ ಈ ಎದೆಬಡಿತ ಕೇಳಿಸುವುದೇ ಇಲ್ಲ. ಅಲ್ಲಿ ಅದುಮಿದ ಹಾಡೇ ವಾಸಿ. ಕಿವಿ ಮಂದವಾದ ಹಿರಿಯರಿಗೂ ತೀರ ಮೆಲುದನಿ ಒಂದು ಶಿಕ್ಷೆಯೇ. ಆದರೆ ಬಸ್ಸಿಗೆ ಬೇಕಾದ ಅದುಮುವಿಕೆಯನ್ನು ಬಸ್ಸಿನಲ್ಲಿರುವ ಯಂತ್ರವೇ ಮಾಡಿಕೊಳ್ಳಬಹುದು, ಹಲವು ಟಿ.ವಿ.ಗಳಲ್ಲಿ, ಸೌಂಡ್‌ಬಾರ್‌ಗಳಲ್ಲಿ ರಾತ್ರಿಯ ಬಳಕೆಗೆಂದು ಅಂಥ ಗುಂಡಿಯೊಂದು ಇದ್ದೇ ಇರುತ್ತದೆ. ಬೇಕಾದವರು ಒತ್ತಲಿ, ಬೇಡವಾದಾಗ ತೆಗೆಯಲಿ. ತಟ್ಟೆಯಲ್ಲೇ ಅದುಮಿ ಕಳುಹಿಸಿದ್ದನ್ನು ಮಾತ್ರ ಯಾವ ಗುಂಡಿಯೂ ಮರಳಿ ಬಿಡಿಸಲಾರದು. ಉಪ್ಪು ಹೆಚ್ಚಾದ ಸಾರಿನ ಕಥೆ ಮನೆಯೊಡತಿಯರಿಗೆ ಗೊತ್ತು.

ಈಚೆಗೆ ಸ್ಥಿತಿ ತುಸು ಸುಧಾರಿಸಿದೆ. ಅಂತರ್ಜಾಲದ ಮೂಲಕ ಹಾಡು ಕೇಳಿಸುವ ಸಂಸ್ಥೆಗಳು ಎಲ್ಲ ಹಾಡುಗಳ ಸರಾಸರಿ ಗಟ್ಟಿತನವನ್ನು ಅಳೆದು ಒಂದೇ ಮಟ್ಟಕ್ಕೆ ತರುವುದರಿಂದ, ಅದುಮಿ ಎತ್ತಿದವನ ಲಾಭ ಹೊರಟುಹೋಗಿದೆ. ಅವನ ಹಾಡನ್ನು ಅವು ಸುಮ್ಮನೆ ತಗ್ಗಿಸಿಬಿಡುತ್ತವೆ. ಸರೌಂಡಿನ ಹೊಸ ರೂಪವಾದ ಡಾಲ್ಬಿ ಆಟ್ಮಾಸ್, 2021ರ ಜೂನ್‌ನಲ್ಲಿ ಆ್ಯಪಲ್ ಮ್ಯೂಸಿಕ್‌ಗೆ ಬಂದಂದಿನಿಂದ ಸಾಮಾನ್ಯ ಹೆಡ್‌ಫೋನಿಗೂ ತಲುಪಿದೆ. ಅಲ್ಲಿ ಹಾಡಿನ ಸರಾಸರಿ ಗಟ್ಟಿತನ, ಡಿಜಿಟಲ್ ಮಾಪಕದ ಶಿಖರಕ್ಕಿಂತ 18 ಮಾನಗಳಷ್ಟು ಕೆಳಗಿರಬೇಕು, ಅದಕ್ಕಿಂತ ಮೇಲೇರಬಾರದು ಎಂಬ ನಿಯಮವೇ ಇದೆ. ಸಂಗೀತಗಾರರ ವಿವೇಕ ಮಾಡದ್ದನ್ನು ಗುಮಾಸ್ತರ ನಿಯಮ ಮಾಡಿತು ಎನ್ನಬೇಕೇನೋ. 2023ರಲ್ಲಿ, ಐವತ್ತು ತುಂಬಿದಾಗ, ಗಥ್ರಿಯವರೇ ಮಾಡಿದ 'ಡಾರ್ಕ್ ಸೈಡ್' ಆಲ್ಬಮ್ಮಿನ ಆಟ್ಮಾಸ್ ಮಿಶ್ರಣವೂ ಬಂದಿದೆ. ಹೆಡ್‌ಫೋನಿನಲ್ಲಿ ಐದು ಧ್ವನಿವರ್ಧಕಗಳ ಭ್ರಮೆ ಪೂರ್ತಿ ಹುಟ್ಟುವುದಿಲ್ಲ, ದನಿ ತಲೆಯ ಸುತ್ತ ಮುಸುಕಿನಂತೆ ಇರುತ್ತದೆ. ಆದರೆ ಏರಿಳಿತ ಉಳಿದಿದೆ. ಆಯ್ಕೆ ಮಾಡಬೇಕಾದರೆ ನನಗೆ ದಿಕ್ಕುಗಳಿಗಿಂತ ಏರಿಳಿತ ಮುಖ್ಯ. ಹೋರೇಬ್ ಬೆಟ್ಟದ ಗುಹೆಯ ಬಾಗಿಲಲ್ಲಿ ಪ್ರವಾದಿ ಎಲೀಯನು ಬಿರುಗಾಳಿ, ಭೂಕಂಪ, ಬೆಂಕಿ ಎಲ್ಲವೂ ಕಳೆದ ಮೇಲೆ ಮುಖ ಮುಚ್ಚಿಕೊಂಡನಲ್ಲ, ಆಗ ದನಿ ಯಾವ ದಿಕ್ಕಿನಿಂದ ಬಂತೆಂದು ಅರಸುಗಳ ಮೊದಲನೆಯ ಗ್ರಂಥ ತಿಳಿಸುವುದಿಲ್ಲ. ಎಷ್ಟು ಮೆಲ್ಲಗಿತ್ತು ಎಂಬುದನ್ನು ಮಾತ್ರ ತಿಳಿಸುತ್ತದೆ.

ಆಲ್ಬಮ್ ಮುಗಿಯುವುದೂ ಎದೆಬಡಿತದಿಂದಲೇ. ಅದು ನಿಜವಾದ ಹೃದಯದ್ದಲ್ಲ, ನಿಕ್ ಮೇಸನ್ ಅವರ ಡ್ರಮ್ಮಿನದು. ತಿಳಿದ ಮೇಲೂ ನನಗೆ ಹಾಗೆನ್ನಿಸುವುದಿಲ್ಲ. ದೊಡ್ಡ ಮೇಳ ನಿಂತ ಮೇಲೆ ಅದೊಂದೇ ಉಳಿದು, ದೂರವಾಗುತ್ತ, ಎಲ್ಲಿ ನಿಂತಿತೆಂದು ಹೇಳಲಾಗದಂತೆ ನಿಲ್ಲುತ್ತದೆ. ನನ್ನ ಹಳೆಯ ಕ್ಯಾಸೆಟ್ಟಿನಲ್ಲಿ ಟೇಪಿನ ಸೊಯ್‌ಗುಟ್ಟುವಿಕೆ ಆ ಕೊನೆಯ ಬಡಿತಗಳನ್ನು ನುಂಗುತ್ತಿತ್ತು. ಕೆಲವು ಪ್ರತಿಗಳಲ್ಲಂತೂ ಅಲ್ಲಿ, ಬಹಳ ಕೆಳಗೆ, ಬೀಟಲ್ಸ್ ತಂಡದ ಹಾಡೊಂದರ ವಾದ್ಯರೂಪ ಆಕಸ್ಮಿಕವಾಗಿ ಉಳಿದುಕೊಂಡಿದೆ. ಕಿವಿಗೊಟ್ಟವರಿಗೆ ಮಾತ್ರ ಸಿಗುವಂಥದ್ದು.

ನೀವು ಕೇಳುವುದಾದರೆ ರಾತ್ರಿ ಊಟವಾದ ಮೇಲೆ ಕೇಳಿ. ಫ್ಯಾನ್ ಆರಿಸಿ, ರಾತ್ರಿಯ ಗುಂಡಿ ಒತ್ತಿದ್ದರೆ ತೆಗೆಯಿರಿ. ಆರಂಭದ ಎದೆಬಡಿತ ಇದೆಯೋ ಇಲ್ಲವೋ ಎನ್ನುವಷ್ಟಕ್ಕೆ ದನಿಯನ್ನು ಇಟ್ಟು, ಆಮೇಲೆ ಗುಂಡಿಗೆ ಕೈ ಹಚ್ಚಬೇಡಿ. ಸ್ವಲ್ಪ ಹೊತ್ತಿಗೆ ಗಡಿಯಾರಗಳು ಬರುತ್ತವೆ. ಪಕ್ಕದ ಕೋಣೆಯಲ್ಲಿ ಅಜ್ಜಿ ಮಲಗಿದ್ದರೆ ಅವರಿಗೆ ಮೊದಲೇ ಒಂದು ಮಾತು ಹೇಳಿಟ್ಟಿರಿ.